ಇಲಿಯೂ ರೇಷ್ಮೆ ಪತಂಗವೂ

ರೇಷ್ಮೆ ಸೀರೆಯನ್ನು ಪೆಟ್ಟಿಗೆಯಲ್ಲಿಡುವಾಗ ನಮಗೆ ಇಲಿಯ ಭಯ ಬರುತ್ತದೆ. ಆ ಸೀರೆಗೆ ನೂಲು ಕೊಟ್ಟ ಪತಂಗದ ನೆನಪು ಮಾತ್ರ ಬರುವುದಿಲ್ಲ. ಚರಿತ್ರೆಯನ್ನು ಓದುತ್ತ ಹೋದಂತೆ, ಈ ಎರಡು ಜೀವಗಳನ್ನೂ ಅಕ್ಕಪಕ್ಕ ಇಟ್ಟು ನೋಡಬೇಕೆಂದು ನನಗೆ ಅನಿಸಿತು.

ಕಪ್ಪು ಇಲಿಯ ತವರು ನಮ್ಮ ಉಪಖಂಡವೇ. ಧಾನ್ಯದ ಮೂಟೆಗಳ ಜೊತೆ ಹಡಗು ಹತ್ತಿ ಅದು ಲೋಕವನ್ನೆಲ್ಲ ಸುತ್ತಿತು. ಯಾರೂ ಕರೆಯಲಿಲ್ಲ, ಯಾರೂ ಸಾಕಲಿಲ್ಲ. ರೇಷ್ಮೆ ಪತಂಗವಾದರೋ ದೂರದ ಊರಿನಿಂದ ಬಂದ ಸೊಸೆ. ಚೀನೀಯರು ಸುಮಾರು 5000 ವರ್ಷಗಳ ಹಿಂದೆಯೇ ಅದನ್ನು ಮನೆಯೊಳಗೆ ಸಾಕತೊಡಗಿದ್ದರು. ಮೈಸೂರು ಸೀಮೆಯಲ್ಲಿ ಅದಕ್ಕೆ ನೆಲೆ ಕೊಟ್ಟವನು 18ನೆಯ ಶತಮಾನದ ಕೊನೆಯ ಭಾಗದಲ್ಲಿ ಟಿಪ್ಪು ಸುಲ್ತಾನ.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. "ಇಲಿ ಬಿತ್ತು" ಎಂದರೆ ಸಾಕು, ಜನ ಮನೆಗೆ ಬೀಗ ಹಾಕಿ ಊರಾಚೆ ಗುಡಿಸಲು ಕಟ್ಟಿಕೊಂಡರು. ಅದೇ ವರ್ಷ ಕರಾಚಿಯಲ್ಲಿ ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯ, ರೋಗವನ್ನು ಹೊತ್ತು ತರುವುದು ಇಲಿಯ ಮೈಮೇಲಿನ ಚಿಗಟ ಎಂದು ತೋರಿಸಿಕೊಟ್ಟ. ಅಂದರೆ ಇಲಿಯೂ ರೋಗಿಯೇ. ನಮಗಿಂತ ಮೊದಲು ಸತ್ತದ್ದು ಅದು. ಇಕ್ಕಟ್ಟಿನ ಪೇಟೆಯನ್ನು ಬಿಟ್ಟ ಜನರಿಂದ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದವು. ಆ ಬಸವನಗುಡಿಯ ಕಡೆಯಲ್ಲೇ, ಹೆಚ್ಚುಕಡಿಮೆ ಆ ದಿನಗಳಲ್ಲೇ, ಜೆಮ್‌ಷೆಡ್ಜಿ ಟಾಟಾ ಅವರು ಜಪಾನೀ ತಜ್ಞರ ನೆರವಿನಿಂದ ರೇಷ್ಮೆ ತೋಟ ಮಾಡಿಸಿದರು. ಟಾಟಾ ಸಿಲ್ಕ್ ಫಾರಂ ಎಂಬ ಹೆಸರು ಆ ಜಾಗಕ್ಕೆ ಇಂದಿಗೂ ಉಳಿದಿದೆ.

ಹುಳು ಸಾಕುವ ಮನೆಗಳಲ್ಲಿ ಸೊಪ್ಪು ಹೆಚ್ಚಿ ಹಾಕುವುದು, ತಟ್ಟೆ ಶುಚಿ ಮಾಡುವುದು, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವುದು ಹೆಚ್ಚಾಗಿ ಹೆಂಗಸರ ಕೆಲಸ. ಇಲಿ ನುಗ್ಗಿದರೆ ಹುಳುವನ್ನೇ ತಿಂದುಬಿಡುತ್ತದೆಂದು ರಾತ್ರಿಯೆಲ್ಲ ಎಚ್ಚರ. ಆದರೆ ಇಷ್ಟು ಜೋಪಾನ ಮಾಡಿದ ಹುಳುವಿನ ಗತಿಯೇನು? ಒಂದು ಗೂಡಿನಲ್ಲಿ ಸುಮಾರು 1000 ಮೀಟರ್ ಉದ್ದದ ಒಂದೇ ಎಳೆ ಇರುತ್ತದೆ. ಪತಂಗ ಗೂಡನ್ನು ತೂತುಮಾಡಿ ಹೊರಬಂದರೆ ಎಳೆ ಹಾಳು. ಆದ್ದರಿಂದ ಒಳಗಿರುವಾಗಲೇ ಶಾಖ ಕೊಟ್ಟು ಕೊಲ್ಲುತ್ತಾರೆ. ಬಿತ್ತನೆಗೆಂದು ಉಳಿಸಿದ್ದು ಹೊರಬಂದರೂ ಹಾರಲಾರದು, ತಿನ್ನಲಾರದು. ನೂರಾರು ಮೊಟ್ಟೆಯಿಟ್ಟು ಕೆಲವೇ ದಿನಗಳಲ್ಲಿ ಸಾಯುತ್ತದೆ.

ನಾವು ಪಾಷಾಣವಿಟ್ಟು, ಬೋನಿಟ್ಟು ಓಡಿಸಿದ ಇಲಿ ಇನ್ನೂ ಅಟ್ಟದ ಮೇಲೆ ಓಡಾಡುತ್ತಿದೆ. ಮುದ್ದಿನಿಂದ ಸಾಕಿದ ಪತಂಗ ನಮ್ಮ ಕೈ ತಪ್ಪಿದರೆ ಒಂದು ತಲೆಮಾರೂ ಬದುಕಲಾರದು. ರೆಕ್ಕೆಯೇನೋ ಅದಕ್ಕೆ ಇದ್ದೇ ಇದೆ. ಸಾವಿರಾರು ವರ್ಷ ಮನೆಯೊಳಗೇ ಇದ್ದು ಹಾರುವ ಶಕ್ತಿ ಮಾತ್ರ ಹೋಯಿತು. ಕರೆದು ತಂದು, ಹೊತ್ತುಹೊತ್ತಿಗೆ ಉಣಿಸಿದ ಮನೆಯಲ್ಲೇ ಹೀಗಾಯಿತಲ್ಲ ಎನ್ನುವುದು ನನಗೆ ಪ್ಲೇಗಿನ ಕಥೆಗಿಂತ ಹೆಚ್ಚು ನೋವು ಕೊಡುತ್ತದೆ.