ಎರಟಾಸ್ಥನೀಸನ ಭೂಪರಿಧಿ ಗಣನೆಯೂ ಪರ್ಯಾಯ ಕೋನಗಳೂ

ಕ್ರಿ. ಪೂ. ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಗ್ರಂಥಾಲಯಾಧಿಪತಿಯಾಗಿದ್ದ ಎರಟಾಸ್ಥನೀಸನು ಭೂಮಿಯ ಸುತ್ತಳತೆಯನ್ನು ಗಣಿಸಿದ ವೃತ್ತಾಂತವು ಸಾಮಾನ್ಯವಾಗಿ ಒಂದು ಬಾವಿಯಿಂದಲೇ ಮೊದಲಾಗುತ್ತದೆ. ವರ್ಷದ ಅತಿ ದೀರ್ಘವಾದ ಹಗಲಿನಂದು ಸಿಯೀನ್ ಪಟ್ಟಣದ (ಇಂದಿನ ಅಸ್ವಾನ್) ಬಾವಿಯೊಂದರ ತಳದವರೆಗೂ ನಡುಹಗಲಿನ ಬಿಸಿಲು ಬೀಳುತ್ತಿತ್ತಂತೆ. ಅದನ್ನು ಕೇಳಿ ಅವನಿಗೆ ಯುಕ್ತಿ ಹೊಳೆಯಿತಂತೆ. ತರಗತಿಯಲ್ಲಿ ನಾವೂ ಹಲವು ವರ್ಷ ಹೀಗೆಯೇ ಹೇಳಿದ್ದುಂಟು.

ಆದರೆ ಎರಟಾಸ್ಥನೀಸನ ಮೂಲಗ್ರಂಥವು ನಷ್ಟವಾಗಿದೆ. ಅವನ ಗಣನೆಯನ್ನು ಕ್ರಮವಾಗಿ ವಿವರಿಸುವ ಆಧಾರವೆಂದರೆ ಬಹುಕಾಲದ ಅನಂತರ ಕ್ಲಿಯೋಮಿಡೀಸನು ಬರೆದ ಖಗೋಳಗ್ರಂಥ. ಆ ವಿವರಣೆಯಲ್ಲಿ ಬಾವಿಯ ಮಾತೇ ಇಲ್ಲ. ಇರುವುದು ನೆರಳುಗಡಿಯಾರದ ಶಂಕು. ಬಾವಿಯನ್ನು ಹೇಳುವವರು ಸ್ಟ್ರಾಬೋ ಮತ್ತು ಪ್ಲಿನಿ. ಅವರಾದರೂ ಅದನ್ನು ಈ ಗಣನೆಗೆ ಜೋಡಿಸಿಲ್ಲ.

ಕ್ಲಿಯೋಮಿಡೀಸನು ಮೊದಲಿಗೆ ಐದು ಅಂಗೀಕಾರಗಳನ್ನು ಮುಂದಿಡುತ್ತಾನೆ. ಎರಡೂ ಪಟ್ಟಣಗಳು ಒಂದೇ ರೇಖಾಂಶದಲ್ಲಿವೆ, ನಡುವಣ ದೂರ 5,000 ಸ್ಟೇಡಿಯ, ಸೂರ್ಯಕಿರಣಗಳು ಸಮಾಂತರವಾಗಿವೆ, ಸಮಾಂತರ ರೇಖೆಗಳನ್ನು ಛೇದಿಸುವ ರೇಖೆಯಿಂದ ಉಂಟಾಗುವ ಪರ್ಯಾಯ ಕೋನಗಳು ಪರಸ್ಪರ ಸಮ, ಸಮಾನವಾದ ಕೋನಗಳಿಗೆ ಎದುರಾದ ಕಂಸಗಳು ತಮ್ಮ ತಮ್ಮ ವೃತ್ತದ ಅಷ್ಟೇ ಪಾಲು. ಅಲೆಕ್ಸಾಂಡ್ರಿಯಾದ ಶಂಕುವನ್ನು ಕೆಳಮುಖವಾಗಿ ಬೆಳೆಸಿದರೆ ಅದು ಭೂಕೇಂದ್ರವನ್ನು ಮುಟ್ಟುತ್ತದೆ, ಅದೇ ಛೇದಕರೇಖೆ. ಸಿಯೀನಿನಲ್ಲಿ ನೆರಳಿಲ್ಲದುದರಿಂದ ಅಲ್ಲಿಯ ಕಿರಣವೂ ಬೆಳೆಸಿದಾಗ ಕೇಂದ್ರಕ್ಕೇ ಹೋಗುತ್ತದೆ. ಆದುದರಿಂದ ಶಂಕುವಿನ ತುದಿಯಲ್ಲಿ ಅಳೆದ ಕೋನವೇ, ಯಾರೂ ಇಳಿದು ಅಳೆಯಲಾರದ ಭೂಕೇಂದ್ರದ ಕೋನವಾಯಿತು. ಅದು ವೃತ್ತದ 50ನೆಯ ಒಂದು ಪಾಲು, ಎಂದರೆ 7 ಅಂಶ 12 ಕಲೆ. ಪರಿಧಿ 2,50,000 ಸ್ಟೇಡಿಯ.

ಮೊದಲನೆಯ ಅಂಗೀಕಾರವು ನಿಖರವಲ್ಲ; ಅಸ್ವಾನ್ ಅಲೆಕ್ಸಾಂಡ್ರಿಯಾಕ್ಕಿಂತ ಸುಮಾರು 3 ಅಂಶ ಪೂರ್ವಕ್ಕಿದೆ. ಸ್ಟೇಡಿಯದ ಉದ್ದವೂ ವಿವಾದಗ್ರಸ್ತ. ಹೀಗಿರುವಲ್ಲಿ, ಅವನ ಉತ್ತರವು ಇಂದಿನ ಅಳತೆಗೆ ಕೂದಲೆಳೆಯಷ್ಟು ಹತ್ತಿರವೆಂದು ಕೊಂಡಾಡುವುದು ನಮಗೆ ಸಮ್ಮತವಲ್ಲ.

ನಮ್ಮ ಗಮನಕ್ಕೆ ಹೆಚ್ಚು ಅರ್ಹವಾದುದು ನಾಲ್ಕನೆಯದು. ಇದು ಯೂಕ್ಲಿಡನ ಮೊದಲ ಪುಸ್ತಕದ 29ನೆಯ ಪ್ರಮೇಯ. ಪರ್ಯಾಯ ಕೋನಗಳು ಸಮವಾದರೆ ರೇಖೆಗಳು ಸಮಾಂತರವೆಂಬ 27ನೆಯದನ್ನು ಅವನು ಐದನೆಯ ಆಧಾರಪ್ರತಿಜ್ಞೆಯ ನೆರವಿಲ್ಲದೆಯೇ ಸಾಧಿಸಿದನು. ಅದರ ವಿಲೋಮಕ್ಕೆ ಬಂದಾಗ ಮಾತ್ರ ಆ ಪ್ರತಿಜ್ಞೆಯನ್ನು ಮೊಟ್ಟಮೊದಲು ಬಳಸಬೇಕಾಯಿತು. ಅದನ್ನು ಉಳಿದವುಗಳಿಂದ ಸಾಧಿಸಲು ಪ್ರೋಕ್ಲಸನಿಂದ ಸಕೇರಿಯವರೆಗೆ (1733) ಅನೇಕರು ಶ್ರಮಿಸಿ ಸೋತರು. 1829ರಲ್ಲಿ ಲೊಬಚೆವ್‌ಸ್ಕಿಯೂ 1832ರಲ್ಲಿ ಬೊಲ್ಯಾಯಿಯೂ ಅದಿಲ್ಲದ ಜ್ಯಾಮಿತಿಯನ್ನೇ ಪ್ರಕಟಿಸಿದರು. ಕ್ಲಿಯೋಮಿಡೀಸನಾದರೋ ಅದು ಜ್ಯಾಮಿತಿಜ್ಞರು ತೋರಿಸಿಕೊಟ್ಟದ್ದೆಂದು ಹೇಳಿ ಮುಂದಕ್ಕೆ ಸಾಗುತ್ತಾನೆ.