ಸೂಪರ್‌ಹೀರೋ ಸಿನಿಮಾಕ್ಕೆ ಮನೆಯಲ್ಲೇ ಕನ್ನಡ ಅಕ್ಷರದ ಟೀ-ಶರ್ಟ್: ಸದಸ್ಯರಿಗೆ ಕೈಪಿಡಿ



ರಜೆಯಲ್ಲಿ ಮಕ್ಕಳನ್ನೆಲ್ಲ ಒಟ್ಟಿಗೆ ಸೂಪರ್‌ಹೀರೋ ಸಿನಿಮಾಕ್ಕೆ ಕರೆದುಕೊಂಡು ಹೋಗುವುದು ನಮ್ಮ ಸಂಘದಲ್ಲಿ ರೂಢಿಗೆ ಬಂದಿದೆ. ಹೋದ ಸಲ ಮಕ್ಕಳು ಹಾಕಿಕೊಂಡಿದ್ದ ಟೀ-ಶರ್ಟುಗಳನ್ನು ನೋಡಿ, ಅವನ್ನು ಹೇಗೆ ಮಾಡಿದಿರಿ ಎಂದು ಸೇಲಂ, ಮೇಟ್ಟೂರು, ಧರ್ಮಪುರಿ ಕಡೆಯಿಂದ ಹಲವರು ಫೋನ್ ಮಾಡಿದರು. ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ. ದಯವಿಟ್ಟು ಪೂರ್ತಿ ಓದಿಕೊಂಡು ಆಮೇಲೆ ಇಸ್ತ್ರಿ ಪೆಟ್ಟಿಗೆ ಹಿಡಿಯಿರಿ.

ಎದೆಯ ಮೇಲೆ ಏನಿರಲಿ?

1938ರಲ್ಲಿ ಅಮೆರಿಕದ ಚಿತ್ರಕಥೆ ಪುಸ್ತಕದಲ್ಲಿ ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡಾಗಲೇ ಅವನ ಎದೆಯ ಮೇಲೆ ಒಂದು ಅಕ್ಷರವಿತ್ತು. ಇಂದಿಗೂ ಆ ಒಂದು ಅಕ್ಷರವೇ ಅವನ ಗುರುತು. ಹಾಗಿದ್ದರೆ ನಮ್ಮ ಮಕ್ಕಳ ಎದೆಯ ಮೇಲೆ ನಮ್ಮದೇ ಅಕ್ಷರ ಏಕಿರಬಾರದು? ನಮ್ಮ ಕ್ರಮ ಇಷ್ಟೇ: ಐದು ಮೂಲೆಯ ಒಂದು ಗುರಾಣಿ, ಅದರ ಒಳಗೆ ಮಗುವಿನ ಹೆಸರಿನ ಮೊದಲ ಕನ್ನಡ ಅಕ್ಷರ, ಕೆಳಗೆ ಊರಿನ ಹೆಸರು.

ಇದರಲ್ಲಿ ಇನ್ನೊಂದು ಅನುಕೂಲವೂ ಇದೆ. ಸಿನಿಮಾ ಕಂಪನಿಯ ಲಾಂಛನ ಅವರ ಸ್ವತ್ತು, ಅದನ್ನು ಅಚ್ಚು ಹಾಕಿ ಮಾರುವಂತಿಲ್ಲ. ಕರ್ನಾಟಕ ಸರ್ಕಾರದ ಗಂಡಭೇರುಂಡ ಲಾಂಛನವೂ ನಮಗೆ ಬೇಡ. ಅಕ್ಷರಕ್ಕಾದರೆ ಯಾರ ಅಪ್ಪಣೆಯೂ ಬೇಕಿಲ್ಲ.

ಹೀಟ್ ಟ್ರಾನ್ಸ್‌ಫರ್ ವಿನೈಲ್ ಎಂದರೇನು?

ಇದು ಬಣ್ಣದ ತೆಳು ಹಾಳೆ. ಅದರ ಒಂದು ಬದಿಯಲ್ಲಿ ಬಿಸಿ ತಾಗಿದರೆ ಕರಗುವ ಅಂಟು, ಇನ್ನೊಂದು ಬದಿಯಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಹೊಳೆಯುವ ಬದಿ ಪ್ಲಾಸ್ಟಿಕ್, ಮಂಕಾದ ಬದಿ ಅಂಟು. ಮಂಕು ಬದಿಯಿಂದ ಅಕ್ಷರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿ ಕತ್ತರಿಸಬೇಕು. ಬಣ್ಣದ ಹಾಳೆ ಮಾತ್ರ ಕತ್ತರಿಸಬೇಕು, ಕೆಳಗಿನ ಪ್ಲಾಸ್ಟಿಕ್ ಕತ್ತರಿಸಬಾರದು.

ಯಂತ್ರ ಕೊಳ್ಳಬೇಕಿಲ್ಲ. ಗಾಡಿಗಳ ನಂಬರ್ ಪ್ಲೇಟಿಗೆ ಅಂಟಿಸುವ ರೇಡಿಯಂ ಸ್ಟಿಕರ್ ಅಂಗಡಿಗಳಲ್ಲಿ ಕತ್ತರಿಸುವ ಯಂತ್ರ ಇರುತ್ತದೆ. ನಮ್ಮ ಫೈಲ್ ಕೊಟ್ಟರೆ ಕತ್ತರಿಸಿ ಕೊಡುತ್ತಾರೆ. ಆದರೆ ಗಾಡಿಗೆ ಅಂಟಿಸುವ ಸ್ಟಿಕರ್ ಹಾಳೆ ಬಟ್ಟೆಗೆ ಆಗುವುದಿಲ್ಲ. ಬಟ್ಟೆಗೆ ಹಾಕುವ ವಿನೈಲ್ ಎಂದು ಕೇಳಿಯೇ ತೆಗೆದುಕೊಳ್ಳಿ.

ಲೆಕ್ಕ

ಸುರುಳಿಯ ಅಗಲ ಸಾಮಾನ್ಯವಾಗಿ 50 ಸೆಂ.ಮೀ. ಮಕ್ಕಳಿಗೆ 15 ಸೆಂ.ಮೀ. ಅಗಲದ ಗುರಾಣಿ ಸಾಕು. ಒಂದು ಸಾಲಿಗೆ 3 ಗುರಾಣಿ ಬರುತ್ತವೆ. 20 ಮಕ್ಕಳಿಗೆ 7 ಸಾಲು. ಸಾಲಿಗೆ 16 ಸೆಂ.ಮೀ. ಉದ್ದ ಹಿಡಿದರೆ 112 ಸೆಂ.ಮೀ. ಪರೀಕ್ಷೆಗೂ ಹಾಳಾಗುವುದಕ್ಕೂ ಸೇರಿಸಿ ಒಂದೂಕಾಲು ಮೀಟರ್ ತನ್ನಿ. ಒಂದೇ ಬಣ್ಣ ಇಟ್ಟುಕೊಂಡರೆ ಖರ್ಚೂ ಕಡಿಮೆ, ಕೆಲಸವೂ ಕಡಿಮೆ.

ಬನಿಯನ್ ಬಟ್ಟೆಗೆ ತಿರುಪ್ಪೂರು ನಮಗೆ ಹತ್ತಿರವೇ ಇದೆ. 160ರಿಂದ 180 ಜಿಎಸ್‌ಎಂ ಹತ್ತಿಯ ಟೀ-ಶರ್ಟ್ ಒಳ್ಳೆಯದು. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಬಟ್ಟೆಗೆ ಎಷ್ಟು ಗ್ರಾಂ ಎಂಬ ಲೆಕ್ಕ. ನೈಲಾನ್, ರೇಷ್ಮೆ, ಮಳೆಗೆ ನೆನೆಯದ ಬಟ್ಟೆ ಬೇಡ. ಹೊಸ ಟೀ-ಶರ್ಟನ್ನು ಒಮ್ಮೆ ಒಗೆದು ಒಣಗಿಸಿ. ಬಟ್ಟೆ ಕುಗ್ಗುವುದಿದ್ದರೆ ಮೊದಲೇ ಕುಗ್ಗಲಿ. ಬಟ್ಟೆ ಮೆದುವಾಗಿಸುವ ದ್ರಾವಣ ಹಾಕಬೇಡಿ, ಅಂಟು ಹಿಡಿಯುವುದಿಲ್ಲ.

ಅಕ್ಷರದಲ್ಲಿ ಆಗುವ ತಪ್ಪುಗಳು

ಈ ಭಾಗವನ್ನು ಗಮನವಿಟ್ಟು ಓದಬೇಕೆಂದು ಕೋರುತ್ತೇನೆ. ಮೊದಲ ವರ್ಷ ನಾನು ಫೈಲನ್ನು ಸರಿಯಾಗಿ ನೋಡದೆ ಅಂಗಡಿಗೆ ಕಳುಹಿಸಿಬಿಟ್ಟೆ. ಅಲ್ಲಿಯ ಕಂಪ್ಯೂಟರಿನಲ್ಲಿ ಕನ್ನಡದ ಫಾಂಟ್ ಇರಲಿಲ್ಲ. ಅರ್ಕಾವೊತ್ತು ಬಿಟ್ಟುಹೋಗಿ ‘ಧರ್ಮಪುರಿ’ ಎಂಬುದು ‘ದರ್‌ಮಪುರಿ’ ಆಗಿ ಬಂತು. ಧಕಾರದ ಹೊಟ್ಟೆ ಸೀಳಿನ ಸಣ್ಣ ಗೆರೆ ಹಾಳೆ ಕೀಳುವಾಗ ಕಿತ್ತುಹೋಗಿತ್ತು. ಹದಿನಾಲ್ಕು ಟೀ-ಶರ್ಟ್ ಅಂಟಿಸಿ ಮುಗಿಸಿದ್ದೆವು. ಮಕ್ಕಳಲ್ಲಿ ಒಬ್ಬರಿಗೂ ತಪ್ಪು ಕಾಣಲಿಲ್ಲ. ಅವರು ಶಾಲೆಯಲ್ಲಿ ಓದುವುದು ತಮಿಳು, ಇಂಗ್ಲಿಷು. ನೇಯ್ಗೆ ಮನೆಯ ಅಜ್ಜಿಯೊಬ್ಬರು ಮೊಮ್ಮಗನ ಬೆನ್ನು ಸವರಿ, ಎದೆ ನೋಡಿ, “ಏನಪ್ಪಾ ಕಾರ್ಯದರ್ಶಿ, ಧರ್ಮಕ್ಕೆ ಹೊಟ್ಟೆ ಸೀಳೋದನ್ನೇ ಮರೆತಿದ್ದೀರಲ್ಲ” ಎಂದರು. ಮೂವತ್ತು ವರ್ಷಕ್ಕೂ ಮೇಲೆ ಗುಮಾಸ್ತನಾಗಿ ಬೇರೆಯವರ ಕಾಗದದಲ್ಲಿ ತಪ್ಪು ಹುಡುಕಿದವನು ನಾನು. ಅಂದು ತಲೆ ತಗ್ಗಿಸಿದೆ.

ಆದ್ದರಿಂದ ಈ ನಿಯಮಗಳು:

1. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ್ದು ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಯೂನಿಕೋಡಿನಲ್ಲೇ ಬರೆಯಿರಿ.

2. ದಪ್ಪ, ಗುಂಡನೆಯ ಫಾಂಟ್ ಆರಿಸಿ. ‘ಬಾಲೂ ತಮ್ಮ’ ಎಂಬ ಉಚಿತ ಫಾಂಟ್ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಯಾವ ಗೆರೆಯೂ 2 ಮಿ.ಮೀ.ಗಿಂತ ತೆಳುವಾಗಿರಬಾರದು.

3. ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ಅಕ್ಷರವನ್ನು ಆಕಾರವಾಗಿ ಬದಲಾಯಿಸಿ (‘ಆಬ್ಜೆಕ್ಟ್ ಟು ಪಾತ್’). ಆಮೇಲೆ ಅಂಗಡಿಯಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೂ ಅಕ್ಷರ ಕೆಡುವುದಿಲ್ಲ.

4. ಅಕ್ಷರಕ್ಕೆ ಒತ್ತು ತಾಗುವ ಕಡೆ ಎರಡನ್ನೂ ಒಂದುಗೂಡಿಸಿ (‘ಯೂನಿಯನ್’). ಇಲ್ಲದಿದ್ದರೆ ಯಂತ್ರ ನಡುವೆಯೂ ಕತ್ತರಿಸಿ ಒತ್ತು ಬೇರೆಯಾಗಿ ಬಿಡುತ್ತದೆ.

5. ಬಿಡಿ ತುಂಡುಗಳನ್ನು ಮೊದಲೇ ಎಣಿಸಿ ಬರೆದಿಟ್ಟುಕೊಳ್ಳಿ. ‘ಸೇಲಂ’ ಪದದ ಸೊನ್ನೆ ಬಿಡಿ ತುಂಡು. ಅದರ ಉಂಗುರ ಉಳಿಯಬೇಕು, ಒಳಗಿನ ಬಿಲ್ಲೆ ಮಾತ್ರ ಹೋಗಬೇಕು. ‘ಠ’, ‘ಥ’ ಅಕ್ಷರಗಳ ಹೊಟ್ಟೆಯ ಚುಕ್ಕೆಯೂ ಹಾಗೆಯೇ, ಕಿತ್ತುಹೋದರೆ ಅಕ್ಷರವೇ ಬದಲಾಗುತ್ತದೆ.

6. ಕತ್ತರಿಸುವ ಮೊದಲು ಕಾಗದದಲ್ಲಿ ತಿರುಗುಮುರುಗಾಗಿ ಅಚ್ಚು ತೆಗೆದು, ಹಿಂಬದಿಯಿಂದ ಬೆಳಕಿಗೆ ಹಿಡಿದು ಓದಿ. ಸರಿಯಾಗಿ ಕಂಡರೆ ಮಾತ್ರ ಮುಂದಿನ ಕೆಲಸ. ಮನೆಯಲ್ಲಿ ಕನ್ನಡ ಓದು ಬಲ್ಲ ಹಿರಿಯರಿಂದ ಓದಿಸಿ ಸಹಿ ಹಾಕಿಸಿಕೊಳ್ಳಿ.

ಕಳೆ ಕೀಳುವುದು

ಕತ್ತರಿಸಿ ತಂದ ಹಾಳೆಯಿಂದ ಬೇಡದ ಭಾಗವನ್ನು ಕಿತ್ತು ತೆಗೆಯಬೇಕು. ರಾಗಿ ಹೊಲದಲ್ಲಿ ಕಳೆ ಕೀಳುವ ಹಾಗೆಯೇ: ಪೈರು ಉಳಿಯಬೇಕು, ಕಳೆ ಹೋಗಬೇಕು. ಒಂದು ದಪ್ಪ ಸೂಜಿ, ಒಂದು ಚಿಮಟ ಸಾಕು. ಮೂಲೆಯಿಂದ ಶುರುಮಾಡಿ ಓರೆಯಾಗಿ, ನಿಧಾನವಾಗಿ ಎಳೆಯಿರಿ. ಈ ಕೆಲಸ ಮಕ್ಕಳಿಂದಲೇ ಮಾಡಿಸಿ. ಸೂಜಿ ಕೊಟ್ಟಾಗ ದೊಡ್ಡವರು ಪಕ್ಕದಲ್ಲಿ ಕೂತಿರಲಿ.

ಇಸ್ತ್ರಿ

1. ಮೆತ್ತನೆಯ ಇಸ್ತ್ರಿ ಹಲಗೆ ಬೇಡ. ಗಟ್ಟಿ ಮರದ ಮೇಜಿನ ಮೇಲೆ ಒಂದು ತೆಳು ಹತ್ತಿ ಬಟ್ಟೆ ಹಾಸಿ.

2. ಪೆಟ್ಟಿಗೆಯಲ್ಲಿ ನೀರಿದ್ದರೆ ಚೆಲ್ಲಿ, ಹಬೆ ನಿಲ್ಲಿಸಿ. ಗುಂಡಿಯನ್ನು ಹತ್ತಿಯ ಗುರುತಿಗೆ ತಿರುಗಿಸಿ. ಬಹುತೇಕ ವಿನೈಲಿಗೆ 150ರಿಂದ 160 ಡಿಗ್ರಿ ಸೆಲ್ಸಿಯಸ್ ಬೇಕು. ನಿಮ್ಮ ಹಾಳೆಗೆ ಎಷ್ಟೆಂದು ಅಂಗಡಿಯಲ್ಲಿ ಕೇಳಿ. ಪಾಲಿಯೆಸ್ಟರ್ ಬಟ್ಟೆಗೆ ಬಿಸಿ ಕಡಿಮೆ ಇರಲಿ.

3. ಟೀ-ಶರ್ಟನ್ನು 5 ಸೆಕೆಂಡ್ ಬಿಸಿ ಮಾಡಿ ತೇವ ತೆಗೆಯಿರಿ.

4. ಕುತ್ತಿಗೆ ಪಟ್ಟಿಯಿಂದ ಮಕ್ಕಳಿಗೆ ಮೂರು ಬೆರಳು, ದೊಡ್ಡವರಿಗೆ ನಾಲ್ಕು ಬೆರಳು ಕೆಳಗೆ ಗುರಾಣಿ ಇಡಿ. ಅಂಟು ಕೆಳಗೆ, ಪ್ಲಾಸ್ಟಿಕ್ ಮೇಲೆ ಇರಲಿ. ಈಗ ಅಕ್ಷರ ನೇರವಾಗಿ ಓದಲು ಬರಬೇಕು.

5. ಮೇಲೆ ತೆಳು ಬಟ್ಟೆ ಹಾಕಿ, ಮೈಭಾರ ಬಿಟ್ಟು 10ರಿಂದ 15 ಸೆಕೆಂಡ್ ಒತ್ತಿ. ಪೆಟ್ಟಿಗೆಯನ್ನು ಎಳೆಯಬೇಡಿ, ಎತ್ತಿ ಪಕ್ಕದ ಜಾಗಕ್ಕೆ ಇಡಿ.

6. ಕೆಲವು ಹಾಳೆಯ ಪ್ಲಾಸ್ಟಿಕ್ ಬಿಸಿಯಾಗಿರುವಾಗ, ಕೆಲವದು ಆರಿದ ಮೇಲೆ ತೆಗೆಯಬೇಕು. ಅಕ್ಷರ ಜೊತೆಗೇ ಏಳುತ್ತಿದ್ದರೆ ನಿಲ್ಲಿಸಿ, ಮತ್ತೆ ಒತ್ತಿ.

7. ಕೊನೆಗೆ ಟೀ-ಶರ್ಟ್ ಒಳಮಗ್ಗುಲು ಮಾಡಿ ಹಿಂದಿನಿಂದ 10 ಸೆಕೆಂಡ್ ಒತ್ತಿ.

ಇದ್ದಿಲಿನ ಪೆಟ್ಟಿಗೆ ಆಗುತ್ತದೆಯೇ ಎಂದು ಕೆಲವರು ಕೇಳಿದ್ದಾರೆ. ಅದರ ಭಾರ ಒಳ್ಳೆಯದೇ, ಆದರೆ ಬಿಸಿ ಹಿಡಿತಕ್ಕೆ ಸಿಗುವುದಿಲ್ಲ, ಬೂದಿ ಬಿದ್ದರೆ ಕಲೆಯಾಗುತ್ತದೆ. ಬೇಡ. ಇಸ್ತ್ರಿ ಕೆಲಸ ಏನಿದ್ದರೂ ದೊಡ್ಡವರದು.

ಒಗೆಯುವುದು

ಒಂದು ದಿನ ಪೂರ್ತಿ ಬಿಟ್ಟು ಒಗೆಯಿರಿ. ಒಳಮಗ್ಗುಲು ಮಾಡಿ, ತಣ್ಣೀರಿನಲ್ಲಿ, ಬ್ಲೀಚಿಂಗ್ ಪುಡಿ ಇಲ್ಲದೆ. ಕಲ್ಲಿಗೆ ಬಡಿಯಬೇಡಿ, ಅಕ್ಷರದ ಮೇಲೆ ಬ್ರಷ್ ಹಾಕಬೇಡಿ, ನೇರವಾಗಿ ಇಸ್ತ್ರಿ ಮಾಡಬೇಡಿ. ಅಂಚು ಎದ್ದರೆ ಬಟ್ಟೆ ಮುಚ್ಚಿ ಇನ್ನೊಮ್ಮೆ ಒತ್ತಿದರೆ ಕೂರುತ್ತದೆ.

ಕೊನೆಯ ಮಾತು

ನಮ್ಮ ಎರಡು ಜಿಲ್ಲೆಗಳಲ್ಲಿ ಮನೆಯಲ್ಲಿ ಕನ್ನಡ ಮಾತನಾಡಿ ಸಹಿಯನ್ನು ತಮಿಳಿನಲ್ಲಿ ಹಾಕುವವರು ಬಹಳ ಮಂದಿ. ಅದರಲ್ಲಿ ತಪ್ಪೇನಿಲ್ಲ, ತಮಿಳು ನಮಗೆ ಅನ್ನ ಕೊಟ್ಟ ಭಾಷೆ. ಆದರೆ ಮಾತು ಉಳಿದು ಅಕ್ಷರ ಹೋಗುತ್ತಿದೆ. ಹೋದ ಸಲ ಒಬ್ಬ ಹುಡುಗಿ ತನ್ನ ಅಕ್ಷರದ ಕಳೆ ಕೀಳಲು ಅರ್ಧ ಗಂಟೆ ತೆಗೆದುಕೊಂಡಳು. ಥಿಯೇಟರಿನ ಸಾಲಿನಲ್ಲಿ ನಿಂತಾಗ ಪಕ್ಕದ ಮಕ್ಕಳ ಎದೆ ತೋರಿಸಿ, “ಮಾಮ, ಅದು ‘ಮ’ ಅಲ್ವಾ? ಇದು ‘ವ’ ಅಲ್ವಾ?” ಎಂದು ಒಂದೊಂದಾಗಿ ಕೇಳಿದಳು. ಸಿನಿಮಾ ಶುರುವಾಗುವಷ್ಟರಲ್ಲಿ ಹನ್ನೊಂದು ಅಕ್ಷರ ಗುರುತಿಸಿದ್ದಳು. ಸಿನಿಮಾದ ಕಥೆ ನನಗೆ ಪೂರ್ತಿ ನೆನಪಿಲ್ಲ, ಇದು ನೆನಪಿದೆ.

ಈ ಸಲ ಟೀ-ಶರ್ಟ್ ಬೇಕಾದವರು ಮಗುವಿನ ಹೆಸರನ್ನು ಕನ್ನಡದಲ್ಲೇ ಬರೆದು ಅಳತೆಯೊಂದಿಗೆ ಕಳುಹಿಸಿ. ಬರೆಯಲು ಬಾರದಿದ್ದರೆ ಸಂಕೋಚ ಬೇಡ, ಫೋನಿನಲ್ಲಿ ಹೇಳಿ, ನಾನು ಬರೆದುಕೊಳ್ಳುತ್ತೇನೆ. ದಿನಾಂಕ, ಸಮಯವನ್ನು ಕಾರ್ಯಕ್ರಮಗಳ ಪುಟದಲ್ಲಿ ನೋಡಿಕೊಳ್ಳಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ