ಟೋಲ್ ಗೇಟಿಗೆ ತಲೆ ಲೆಕ್ಕ ಗೊತ್ತಿಲ್ಲ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಬಸ್ಸಿನ ಮಾತು ಬಂದ್ರೆ ಸಹಕಾರ ಸಾರಿಗೆ ನೆನಪಾಗುತ್ತೆ. ಶಂಕರ್ ಕಂಪನಿ ಮುಚ್ಚಿದ ಮೇಲೆ ಅದರ ನೌಕರರೇ 1991ರಲ್ಲಿ ಕೊಪ್ಪದಲ್ಲಿ ಸಂಘ ಕಟ್ಟಿ ಬಸ್ ಓಡಿಸಿದರು. ಡ್ರೈವರ್, ಕಂಡಕ್ಟರೇ ಮಾಲೀಕರು! 2020ರಲ್ಲಿ ನಷ್ಟ ತಾಳಲಾರದೆ ಅದು ನಿಂತಿತು.

ಟೋಲ್‌ನಿಂದಲೇ ನಿಂತಿತು ಅಂತ ನಾನು ಹೇಳ್ತಿಲ್ಲ. ಆದರೆ ಬಿ.ಕಾಂ. ಓದಿದವನು, ಲೆಕ್ಕ ನೋಡದೇ ಇರೋಕಾಗಲ್ಲ. ಕಾರು ಜೀವಾವಧಿ ತೆರಿಗೆ ಒಮ್ಮೆ ಕಟ್ಟಿದ್ರೆ ಆಯ್ತು. ಬಸ್ಸು ಮೂರು ತಿಂಗಳಿಗೊಮ್ಮೆ ಸೀಟಿನ ಲೆಕ್ಕದಲ್ಲಿ ಕಟ್ಟಬೇಕು. 2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮದಲ್ಲಿ ಕಿಲೋಮೀಟರಿಗೆ ಮೂಲ ದರ ಕಾರಿಗೆ 65 ಪೈಸೆ, ಬಸ್ಸಿಗೆ 2 ರೂಪಾಯಿ 20 ಪೈಸೆ. ಲಾರಿಗೂ ಅಷ್ಟೇ. 2025ರ ಆಗಸ್ಟ್ 15ರಂದು 3,000 ರೂಪಾಯಿಗೆ ಬಂದ ವಾರ್ಷಿಕ ಪಾಸು ಕೂಡ ಖಾಸಗಿ ಕಾರು, ಜೀಪು, ವ್ಯಾನಿಗೆ ಮಾತ್ರ.

ತಲೆಗೆ ಹಂಚಿದ್ರೆ ಬಸ್ಸೇ ಅಗ್ಗ ಅಂತೀರಾ? ತುಂಬಿದ್ರೆ ನಿಜ. ಮಧ್ಯಾಹ್ನ ಹತ್ತೇ ಜನರಿದ್ದರೂ ದರ ಇಳಿಯಲ್ಲ. ನಾಲ್ಕು ಜನ ಹಂಚಿಕೊಂಡು ಹೋಗೋ ಕಾರಿಗೂ, ಒಬ್ಬನೇ ಹೋಗೋ ಕಾರಿಗೂ ಒಂದೇ ಕ್ಯೂ.

ಗೇಟಿನಲ್ಲಿ ಬಸ್ಸಿಗೆ, ತುಂಬಿದ ಕಾರಿಗೆ ಒಂದು ಲೇನ್ ಬಿಡಿ, ದರವನ್ನೂ ಇಳಿಸಿ. ಮಲೆನಾಡಲ್ಲಿ ಒಮ್ಮೆ ನಿಂತ ಬಸ್ಸು ಮತ್ತೆ ಬರೋದು ಕಷ್ಟ ಕಣ್ರೀ.